ತಾಳೆಬೆಲ್ಲದ ಗಾರೆ

ಕೆಪ್ ಊರಿನ ಸಮುದ್ರದಂಡೆಯಲ್ಲಿ, ಏಡಿ ಸಂತೆ ದಾಟಿ ಸ್ವಲ್ಪ ದೂರ ನಡೆದರೆ, ಬಿಳಿ ಕಾಂಕ್ರೀಟಿನ ಮನೆಯೊಂದು ಸಿಗುತ್ತದೆ. ಹಾರುವುದೋ ಬೇಡವೋ ಎಂದು ರೆಕ್ಕೆ ಬಿಚ್ಚಿ ನಿಂತ ಕೊಕ್ಕರೆಯಂತೆ ಅದರ ಚಾವಣಿ ನೀರಿನ ಕಡೆಗೆ ಚಾಚಿಕೊಂಡಿದೆ. ಗೋಡೆಗಿಂತ ಕಿಟಕಿಯೇ ಹೆಚ್ಚು. ನಡುಮನೆಯಲ್ಲಿ ಕೂತವರಿಗೆ ಮನೆ ಎಲ್ಲಿ ಮುಗಿಯಿತು, ಸಮುದ್ರ ಎಲ್ಲಿ ಶುರುವಾಯಿತು ಎಂದು ತಕ್ಷಣಕ್ಕೆ ತಿಳಿಯುವುದಿಲ್ಲ. ಸಂಜೆಯಾದರೆ ರಾಜಧಾನಿ ನೊಮ್‌ಪೆನ್‌ನಿಂದ ಬಂದ ಅತಿಥಿಗಳು ಹೊರಗಿನ ಮೆಟ್ಟಿಲು ಹತ್ತಿ ತಾರಸಿಗೆ ಹೋಗುತ್ತಾರೆ, ಸೂರ್ಯ ಮುಳುಗುವುದನ್ನು ನೋಡುತ್ತಾರೆ.

ಆ ಮೆಟ್ಟಿಲುಗಳು ಹದಿನೈದು. ಒಂದಕ್ಕೂ ಕೆಳಗೆ ಆಸರೆಯಿಲ್ಲ. ಒಂದೇ ಗೋಡೆಯಿಂದ, ಬಾಚಣಿಗೆಯ ಹಲ್ಲಿನ ಹಾಗೆ, ಗಾಳಿಗೆ ಚಾಚಿಕೊಂಡಿವೆ. ಅವನ್ನು ಕಟ್ಟಿದ್ದು ಸಾರುನ್ ಎಂಬ ಗಾರೆಯವನು, ಎರಡು ಸಲ. ನಡುವೆ ಒಮ್ಮೆ ಕೆಡವಿದ್ದೂ ಅವನೇ.

ಮೊದಲ ಸಲ ಕಟ್ಟಿದಾಗ ಅವನಿಗೆ ಹದಿನೆಂಟು. ಗುರು ಪ್ರುಮ್ ಜೊತೆಗಿದ್ದ. ಪ್ರುಮ್ ಪಗೋಡಗಳ ಸುಣ್ಣದ ಗಾರೆಯಲ್ಲಿ ಪಳಗಿದ ಕೈ; ಸಿಮೆಂಟು ಬಂದ ಮೇಲೆ ಅದನ್ನೂ ಪಳಗಿಸಿಕೊಂಡವನು. ನಕಾಶೆಯಲ್ಲಿ ಹದಿನಾಲ್ಕು ಮೆಟ್ಟಿಲಿದ್ದವು. ಸಮಸಂಖ್ಯೆಯ ಮೆಟ್ಟಿಲು ಸತ್ತವರು ಹತ್ತಿ ಬರುವುದಕ್ಕೆ. ಪ್ರುಮ್ ಯಾರಿಗೂ ಹೇಳದೆ ಪ್ರತಿ ಮೆಟ್ಟಿಲಿನ ಎತ್ತರದಿಂದ ಒಂದು ಬೆರಳಿನಷ್ಟು ಕದ್ದು ಹದಿನೈದನೆಯದನ್ನು ಹೊಂದಿಸಿಬಿಟ್ಟ. ಗೃಹಪ್ರವೇಶದ ದಿನ ಮೆಟ್ಟಿಲು ಹತ್ತಿದ ವಾಸ್ತುಶಿಲ್ಪಿ ತುದಿಯಲ್ಲಿ ಒಮ್ಮೆ ನಿಂತು, ಹಿಂದಿರುಗಿ ಎಣಿಸಿ, ಪ್ರುಮ್‌ನ ಮುಖ ನೋಡಿ ಏನೂ ಹೇಳದೆ ಇಳಿದುಹೋದನಂತೆ.

ನಲವತ್ತು ವರ್ಷಗಳ ನಂತರ ಏಡಿ ಸಂತೆಗೆ ಇನ್ನೊಬ್ಬ ವಾಸ್ತುಶಿಲ್ಪಿಯನ್ನು ಕರೆತಂದದ್ದು ಆ ಹದಿನೈದನೆಯ ಮೆಟ್ಟಿಲೇ. ವಿಚೇಕಾ ಎಂಬ ಹುಡುಗಿ, ತಲೆಗೆ ಹುಲ್ಲಿನ ಟೋಪಿ, ಕಂಕುಳಲ್ಲಿ ಹಳೆಯ ನಕಾಶೆಯ ಸುರುಳಿ. ಪಾಳುಬಿದ್ದ ಮನೆಯನ್ನು ಕೊಂಡವರು ಇದ್ದಂತೆಯೇ ಮತ್ತೆ ನಿಲ್ಲಿಸಲು ಅವಳಿಗೆ ಒಪ್ಪಿಸಿದ್ದರು. ನಡುಮನೆಯಲ್ಲಿ ಬೆಳೆದ ಆಲದ ಬೇರು ಕಡಿದಾಗಿತ್ತು, ದನಗಳನ್ನು ಹೊರಗಟ್ಟಿಯಾಗಿತ್ತು. ಆದರೆ ನಕಾಶೆ ಹದಿನಾಲ್ಕು ಎನ್ನುತ್ತಿತ್ತು, ಗೋಡೆ ಹದಿನೈದು ಎನ್ನುತ್ತಿತ್ತು. ಕೆಳಗಿನ ಮೂರು ಮೆಟ್ಟಿಲು ಮಾತ್ರ ಉಳಿದಿದ್ದವು. ಅವುಗಳ ಮೇಲೆ ಗೋಡೆಯಲ್ಲಿ ಮೆಟ್ಟಿಲು ಕಿತ್ತ ಹನ್ನೆರಡು ಗಾಯದ ಗುರುತು.

ಅವಳು ಏಡಿ ಸಂತೆಗೆ ಬಂದು ಕೇಳಿದಳು. "ಈ ಮನೆ ಕಟ್ಟಿದವರು ಯಾರಾದ್ರೂ ಬದುಕಿದಾರಾ?"

"ಕಟ್ಟಿಸಿದವರು ಯಾರೂ ಇಲ್ಲ. ಕಟ್ಟಿದವರಲ್ಲಿ ನಮ್ಮಪ್ಪಾನೂ ಇಲ್ಲ," ಎಂದಳು ಏಡಿ ಮಾರುವ ಮಾಲಿಸ್, ಪ್ರುಮ್‌ನ ಮಗಳು. "ಉಳಿದಿರೋದು ಅಗೋ, ಅಲ್ಲಿ ಕೂತು ನನ್ನ ಬುಟ್ಟಿಗೆ ಕಣ್ಣು ಹಾಕ್ತಿದಾನಲ್ಲ, ಅದೊಂದೇ."

"ನಿನ್ನ ಏಡಿಗಳಲ್ಲಿ ಕಣ್ಣು ಹಾಕೋಕೆ ಮಾಂಸ ಎಲ್ಲಿದೆ?" ಎಂದ ಸಾರುನ್.

"ಮಾಂಸ ಇಲ್ದಿದ್ರೆ ಇಪ್ಪತ್ನಾಲ್ಕು ವರ್ಷದಿಂದ ಮಧ್ಯಾಹ್ನದ ಊಟಕ್ಕೆ ಏನು ಗಾಳಿ ತಿಂತಿದ್ಯಾ, ಅಣ್ಣ?"

ನಿಜವೇ. ಸಾರುನ್‌ಗೆ ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಮಧ್ಯಾಹ್ನ ಅವನು ಎಲ್ಲಿ ಕೆಲಸ ಮಾಡುತ್ತಿದ್ದರೂ, ಚರಂಡಿಯಾಗಲಿ, ಪಗೋಡದ ಕಾಂಪೌಂಡಾಗಲಿ, ಮಾಲಿಸ್‌ಳ ಡಬ್ಬಿ ಅಲ್ಲಿಗೆ ಬರುತ್ತಿತ್ತು. ಅವಳು ಒಡಹುಟ್ಟಿದವಳಲ್ಲ. ಆದರೆ ಅವಳನ್ನು ಬಿಟ್ಟು ಅವನಿಗೆ ಬೇರೆ ಯಾರೂ ಇರಲಿಲ್ಲ.

ಮರುದಿನ ವಿಚೇಕಾ ಅವನನ್ನು ಗೋಡೆಯ ಮುಂದೆ ನಿಲ್ಲಿಸಿದಳು.

"ನೋಡಿ ತಾತ, ಬೇರೆ ಮನೆಗಳಲ್ಲೆಲ್ಲ ಸುತ್ತಿಗೆ ಹಾಕಿ ಪುಡಿ ಮಾಡಿ ಕಬ್ಬಿಣ ಎಳ್ಕೊಂಡಿದಾರೆ. ಇಲ್ಲಿ ಉಳಿ ಹಿಡಿದು ಕೆತ್ತಿದಾರೆ. ಗೋಡೆಗೆ ಒಂದು ಬಿರುಕಿಲ್ಲ. ಗೇಣುದ್ದ ಕಬ್ಬಿಣ ಬಿಟ್ಟು ಕೊಯ್ದು, ತುದಿ ಒಳಕ್ಕೆ ಬಗ್ಗಿಸಿ, ಮೇಲೆ ಸುಣ್ಣದ ಗಾರೆ ಮೆತ್ತಿದಾರೆ. ಯಾವನೋ ಕಳ್ಳ ಇರಿದು, ಗಾಯಕ್ಕೆ ಔಷಧಿ ಹಚ್ಚಿ ಹೋದ ಹಾಗಿದೆ."

"ಇರಬಹುದು," ಎಂದ ಸಾರುನ್.

"ಒಳಗಿನ ಕಬ್ಬಿಣಕ್ಕೆ ತುಕ್ಕೇ ಹಿಡಿದಿಲ್ಲ. ಸಮುದ್ರದ ಎದುರಿಗೆ ಇಷ್ಟು ವರ್ಷ! ಅದಕ್ಕೇ ಹೊಸ ಕಂಬಿ ಸೇರಿಸಿ ಅದೇ ಮೆಟ್ಟಿಲು ಮತ್ತೆ ಎರಕ ಹೊಯ್ಯಬಹುದು. ನೀವು ಮಾಡ್ತೀರಾ?"

ಮಾಡುತ್ತೇನೆ ಎಂದು ಅವನ ಬಾಯಿ ಹೇಳಿತು. ಹೇಳಿದ ಮೇಲೆ ಮನಸ್ಸು ಗುರುವಾರವನ್ನು ನೆನೆಯಿತು.

ಗುರು ಕಟ್ಟಿದ್ದನ್ನು ಶಿಷ್ಯ ಮುಟ್ಟಬೇಕಾದರೆ ಗುರುವಾರ ಬೆಳಿಗ್ಗೆ ಗುರುವಿಗೂ ಕಟ್ಟುವವರ ದೇವರಾದ ಪಿಸ್ನುಕಾರ್‌ಗೂ ಪೂಜೆ ಇಡಬೇಕು. ಬಾಳೆದಿಂಡಿಗೆ ಎಲೆ ಸುತ್ತಿದ ಕಾಣಿಕೆ ಬಾಯ್‌ಸೈ, ಐದು ಊದುಕಡ್ಡಿ, ಕರಣೆ, ತೂಗುಗುಂಡು. ಅಲ್ಲಿ ಕೂತು, ಆ ಕೆಲಸಕ್ಕೆ ಸಂಬಂಧಪಟ್ಟ ತನ್ನ ತಪ್ಪನ್ನು ಎಲ್ಲರ ಎದುರು ಬಾಯಿಬಿಟ್ಟು ಹೇಳಬೇಕು. ಗುರುವಿಲ್ಲದಿದ್ದರೆ ಗುರುವಿನ ಮಗ, ಮಗನಿಲ್ಲದಿದ್ದರೆ ಮಗಳು ಕೇಳಿಸಿಕೊಂಡು, ಮಣಿಕಟ್ಟಿಗೆ ಕೆಂಪು ದಾರ ಕಟ್ಟಬೇಕು. ಮುಚ್ಚಿಟ್ಟು ಕಟ್ಟಿದ ಕೆಲಸ ನಿಲ್ಲುವುದಿಲ್ಲ. ಇದು ಪ್ರುಮ್‌ನ ಕೈಕೆಳಗೆ ಕಲಿತ ಎಲ್ಲರಿಗೂ ಕರಣೆ ಹಿಡಿಯುವ ಮೊದಲೇ ಗೊತ್ತಿದ್ದ ಮಾತು. ಅವರಲ್ಲಿ ಈಗ ಉಳಿದದ್ದು ಸಾರುನ್ ಒಬ್ಬನೇ.

ಕಬ್ಬಿಣದ ಮಾತು ಹೇಳುವುದು ಕಷ್ಟವಿರಲಿಲ್ಲ. ಊರವರನ್ನೆಲ್ಲ ಹೊಲಗದ್ದೆಗಳ ದುಡಿತಕ್ಕೆ ಅಟ್ಟಿ ಕಪ್ಪು ಬಟ್ಟೆಯವರು ಆಳಿದ ಮೂರು ವರ್ಷ ಎಂಟು ತಿಂಗಳು ಕಳೆದು, ಬದುಕಿ ಉಳಿದವರು ನಡೆದು ವಾಪಸು ಬಂದಾಗ, ಊರಿಗೆ ಊರೇ ಈ ಮನೆಗಳನ್ನು ಕಿತ್ತು ತಿಂದಿತ್ತು. ಬಾಗಿಲು, ಹೆಂಚು, ಕಂಬಿ ಯಾವುದಾದರೂ ಸರಿ, ಗಡಿಯಾಚೆಯಿಂದ ಬಂದ ವ್ಯಾಪಾರಿಗಳು ಅಕ್ಕಿ ಅಳೆದುಕೊಡುತ್ತಿದ್ದರು. ಪ್ರುಮ್ ಕಾಲುವೆ ತೋಡುವ ಕಡೆ ಸತ್ತಿದ್ದ. ಹಾಸಿಗೆ ಹಿಡಿದಿದ್ದ ಅವನ ಹೆಂಡತಿ ಯೀನಮ್ಮ, ಜ್ವರದಲ್ಲಿದ್ದ ಮಾಲಿಸ್, ಇಬ್ಬರೂ ಸಾರುನ್‌ನ ಗುಡಿಸಲಿನಲ್ಲಿದ್ದರು. ಎಲ್ಲಿ ಹೊಡೆದರೆ ಕಂಬಿ ಸಿಗುತ್ತದೆಂದು ಉಳಿದವರು ಹುಡುಕುತ್ತಿದ್ದರು. ಕಟ್ಟಿದವನಿಗೆ ಹುಡುಕುವ ಕೆಲಸವಿರಲಿಲ್ಲ.

ಮೇಲಿನಿಂದ ಶುರುಮಾಡಿದ. ಮೇಲಿನದನ್ನು ಒಡೆಯಬೇಕಾದರೆ ಅದರ ಕೆಳಗಿನದರ ಮೇಲೆ ನಿಲ್ಲಬೇಕಿತ್ತು. ನಿಂತದ್ದೇ ಮರುದಿನದ ಸರದಿ. ಹೀಗೆ ಹದಿನೈದನೆಯದರಿಂದ ನಾಲ್ಕನೆಯದರವರೆಗೆ, ಬೇಸಿಗೆಯುದ್ದಕ್ಕೂ, ಹಾಡಹಗಲಲ್ಲಿ, ತಾನು ನಿಂತ ನೆಲವನ್ನು ತಾನೇ ಉಣ್ಣುತ್ತ ಇಳಿದ. ಗೇಣುದ್ದ ಕಂಬಿಯನ್ನು ಮಾತ್ರ ಗೋಡೆಯಲ್ಲಿ ಬಿಡುತ್ತ ಬಂದ. ಯಾಕೆ ಎಂದು ಕೇಳಿದ್ದರೆ ಆಗ ಹೇಳಲು ಬರುತ್ತಿರಲಿಲ್ಲ.

ಹೇಳಲಾಗದ್ದು ಬೆಲ್ಲದ ಮಾತು.

ಕೊನೆಯ ಕಂಬಿ ಕೊಟ್ಟು ಬರುವಾಗ ಪಕ್ಕದ ಕಂಪೋತ್ ಪೇಟೆಯ ದಾರಿಯಲ್ಲಿ ಹಳೆಯ ಪರಿಚಯದವನೊಬ್ಬ ಸಿಕ್ಕಿ, ತಾಳೆಗರಿಯಲ್ಲಿ ಸುತ್ತಿದ ಒಂದು ಅಚ್ಚು ತಾಳೆಬೆಲ್ಲ ಕೈಗಿಟ್ಟಿದ್ದ. ಯೀನಮ್ಮನಿಗೆ ಎಂದು ಅದನ್ನು ಹೆಗಲ ಮೇಲಿನ ಕ್ರಮಾ ವಸ್ತ್ರದ ಗಂಟಿನಲ್ಲಿ ಕಟ್ಟಿಕೊಂಡು ಬಂದ. ಈ ಬಿಳಿ ಮನೆಯ ಹತ್ತಿರ ಬಂದಾಗ ಸಮುದ್ರದ ಮೇಲೆ ಮೋಡ ಕಪ್ಪಾಗಿತ್ತು. ಹನ್ನೆರಡು ಗಾಯ ಬಾಯಿ ತೆರೆದು ನಿಂತಿದ್ದವು. ಬರೀ ಸುಣ್ಣದ ಗಾರೆ ಕಡಲಗಾಳಿಗೆ ಒಂದು ಮಳೆಗಾಲವೂ ನಿಲ್ಲದು. ಬೆಲ್ಲ ಕಲಸಿದ್ದಾದರೆ ನಿಂತೀತು. ಅದು ಗುರು ಕಲಿಸಿದ ಹದ. ಅರ್ಧ ಅಚ್ಚು ಸಾಕು ಎಂದುಕೊಂಡ. ಸಾಲಲಿಲ್ಲ. ಉಳಿದರ್ಧವನ್ನೂ ಪುಡಿಮಾಡಿದ.

ಎರಡು ದಿನದ ನಂತರ ಯೀನಮ್ಮ ಕೇಳಿದಳು. "ಏನಾದ್ರೂ ಸಿಹಿ ಇದ್ಯಾ ಮಗಾ? ನಾಲಿಗೆಯೆಲ್ಲ ಕಹಿಯಾಗಿದೆ."

"ಇಲ್ಲಮ್ಮ," ಎಂದ.

ಅದು ಸುಳ್ಳಲ್ಲ. ಅದೇ ಕಷ್ಟ. ಮತ್ತೆರಡು ದಿನಕ್ಕೆ ಅವಳು ಹೋದಳು. ಉಳಿದ ಮೂರು ಮೆಟ್ಟಿಲಿನ ಕಡೆ ಅವನು ಮತ್ತೆ ಉಳಿ ಹಿಡಿದು ಹೋಗಲಿಲ್ಲ. ಆಮೇಲೆ ಪ್ರತಿ ವರ್ಷ ಪಿತೃಗಳ ಹದಿನೈದು ದಿನ ಬಂದಾಗ ಮಾಲಿಸ್ ಪಗೋಡಕ್ಕೆ ಒಯ್ಯುವ ತಟ್ಟೆಯಲ್ಲಿ ಅನ್ನದ ಪಕ್ಕಕ್ಕೆ ಒಂದು ಅಚ್ಚು ತಾಳೆಬೆಲ್ಲ ಇಡುತ್ತಾಳೆ. "ಅಮ್ಮ ಕೇಳ್ಕೊಂಡೇ ಹೋದ್ಲಲ್ಲ ಅಣ್ಣ," ಎನ್ನುತ್ತಾಳೆ. ಅವನು ಪಕ್ಕದಲ್ಲಿ ಕೈಮುಗಿದು ನಿಂತಿರುತ್ತಾನೆ.

ಆದ್ದರಿಂದ ಮೊದಲ ಗುರುವಾರ ಬಾಳೆದಿಂಡು ಸರಿಯಿಲ್ಲ ಎಂದ. ಎರಡನೆಯ ಗುರುವಾರ ಮೈಬಿಸಿ ಎಂದ. ಮೂರನೆಯ ಗುರುವಾರ ಬೆಳಗಾಗುವಷ್ಟರಲ್ಲಿ ಸುಣ್ಣ ನೋಡಲು ಕಂಪೋತ್‌ಗೆ ಹೋಗಿಬಿಟ್ಟಿದ್ದ.

"ಏನ್ ತಾತ, ಈ ವಾರಾನೂ ನಿಮ್ಮ ಗುರುಗಳಿಗೆ ಪುರುಸೊತ್ತಿಲ್ವಂತಾ?" ಎಂದು ಕಂಬಿ ಕಟ್ಟುವ ರೊತ್ ಕೇಳಿದ. ಹಲಗೆ ಅಚ್ಚುಗಳು ತಯಾರಾಗಿ ಗೋಡೆಗೊರಗಿ ನಿಂತಿದ್ದವು. ರೊತ್‌ನ ಆಳುಗಳು ಅವುಗಳ ನೆರಳಲ್ಲಿ ಇಸ್ಪೀಟು ಆಡುತ್ತಿದ್ದರು.

"ನಿನ್ನಂಥವನ ಮುಖ ನೋಡೋದು ಬೇಡ ಅಂತ ಅವರೇ ಬರ್ತಿಲ್ಲ."

"ಬಂದ್ರೆ ನಿಮ್ಮ ಸೋಮಾರಿತನ ನೋಡಿ ನನಗೇ ಕರಣೆ ಕೊಡ್ತಾರೆ ಅಂತ ಹೆದರಿಕೆ ನಿಮಗೆ."

ಎಲ್ಲರೂ ನಕ್ಕರು. ಹೆದರಿಕೆ ಎಂಬ ಮಾತಿಗೆ ಸಾರುನ್ ನಗಲಿಲ್ಲ.

ಅಷ್ಟರಲ್ಲಿ ಮನೆಯ ಉಳಿದದ್ದೆಲ್ಲ ಮುಗಿಯುತ್ತ ಬಂದಿತ್ತು. ಚಾವಣಿಯ ರೆಕ್ಕೆಗೆ ಬಿಳಿ ಬಣ್ಣ ಬಿದ್ದಿತ್ತು. ಕಿಟಕಿಗಳಿಗೆ ಗಾಜು ಬಂದು, ಸಮುದ್ರ ಒಂದೊಂದೇ ಚೌಕಟ್ಟಿನಲ್ಲಿ ತನ್ನ ಜಾಗಕ್ಕೆ ಮರಳಿತ್ತು. ಒಂದು ಗೋಡೆಯ ಗುಂಡಿನ ತೂತುಗಳನ್ನು ಮಾತ್ರ ವಿಚೇಕಾ ಹಾಗೇ ಉಳಿಸಿದ್ದಳು. ಅವಳು ಬಂದು ಸಾರುನ್‌ನ ಪಕ್ಕ ಕೂತಳು.

"ತಾತ, ಯಜಮಾನರು ಫೋನ್ ಮಾಡಿದ್ರು. ಏಪ್ರಿಲ್‌ನ ಹೊಸ ವರ್ಷದ ಹಬ್ಬದೊಳಗೆ ಎರಕ ಆಗ್ಲಿಲ್ಲ ಅಂದ್ರೆ ಮಳೆ ಶುರುವಾಗುತ್ತೆ. ನೊಮ್‌ಪೆನ್‌ನಲ್ಲಿ ರೆಡಿ ಇರೋ ಕಬ್ಬಿಣದ ಸುರುಳಿ ಮೆಟ್ಟಿಲು ತಂದು ನಿಲ್ಲಿಸಿಬಿಡಿ ಅಂತಿದಾರೆ. ಇನ್ನು ಒಂದೇ ಗುರುವಾರ ಇರೋದು."

ಸುದ್ದಿ ಸಂತೆಗೂ ತಲುಪಿತು. ಅಂದು ಮಧ್ಯಾಹ್ನ ಡಬ್ಬಿಯ ಜೊತೆ ಮಾಲಿಸ್ ತಾನೇ ಬಂದಳು.

"ಅಪ್ಪನ ಮೆಟ್ಟಿಲಿನ ಜಾಗದಲ್ಲಿ ಆ ಜಿಲೇಬಿ ಕಬ್ಬಿಣ ಬಂದು ನಿಂತ್ರೆ ನಿನ್ನ ಮುಖ ನೋಡಲ್ಲ, ತಿಳ್ಕೋ. ಏನಾಗಿದೆ ನಿನಗೆ? ಕೈ ನಡುಗತ್ತಾ? ನಡುಗಿದ್ರೆ ನಡುಗ್ಲಿ, ಕೂತು ಹೇಳ್ಕೊಡು."

"ಕೈ ನಡುಗಲ್ಲ," ಎಂದ ಸಾರುನ್. ಹೇಳಿದರೂ ಮುಖ ನೋಡುವುದಿಲ್ಲ, ಹೇಳದಿದ್ದರೂ ನೋಡುವುದಿಲ್ಲ. ಹೇಳಿದರೆ ಮೆಟ್ಟಿಲಾದರೂ ಉಳಿದೀತು. ಡಬ್ಬಿಯಲ್ಲಿದ್ದ ಉಪ್ಪೇಡಿಯ ಕಾಲೊಂದನ್ನು ಅವನು ಮುರಿದ. "ಗುರುವಾರ ಬೆಳಿಗ್ಗೆ ಬಾ. ಪೂಜೆಗೆ ಬಿಳಿ ರವಿಕೆ ಹಾಕ್ಕೊಂಡು ಬಾ."

ಗುರುವಾರ ಸಮುದ್ರ ಎಣ್ಣೆ ಹಚ್ಚಿದಂತೆ ಸುಮ್ಮನಿತ್ತು. ಗೋಡೆಯ ಬುಡದಲ್ಲಿ ಚಾಪೆ ಹಾಸಿದರು. ಪ್ರುಮ್ ಕೂರಬೇಕಾದ ಜಾಗದಲ್ಲಿ ಮಾಲಿಸ್ ಕಾಲು ಮಡಿಸಿ ಕೂತಳು, ಮುಂದೆ ತಟ್ಟೆಯಲ್ಲಿ ಕೆಂಪು ದಾರ. ಊದುಕಡ್ಡಿ ಹಚ್ಚಿ, ದೇವರನ್ನು ಕರೆದು, ಗುರುವನ್ನು ಕರೆದು, ಸಾರುನ್ ನೆಲಕ್ಕೆ ಹಣೆ ಹಚ್ಚಿದ.

"ಈ ಮೆಟ್ಟಿಲು ಕೆಡವಿದವನು ನಾನೇ. ಹನ್ನೆರಡೂ."

ವಿಚೇಕಾ ತಲೆಯೆತ್ತಿದಳು. ಕೆಲಸದವರಲ್ಲಿ ಯಾರೂ ಅಲುಗಲಿಲ್ಲ.

"ಅಷ್ಟೇನಾ ತಾತ?" ಎಂದ ರೊತ್. "ನಮ್ಮಪ್ಪ ಈ ಮನೆಯ ಮುಂಬಾಗಿಲೇ ಹೊತ್ಕೊಂಡು ಹೋಗಿದ್ದ. ಒಂದು ಕದ ಅಕ್ಕಿಗೆ ಹೋಯ್ತು, ಇನ್ನೊಂದರಲ್ಲಿ ಮಾಡಿದ ಮಂಚದ ಮೇಲೇ ನಾನು ಹುಟ್ಟಿದ್ದು."

"ಅದಕ್ಕೇ ಯಾವಾಗ್ಲೂ ಬಾಯಿ ತೆರ್ಕೊಂಡೇ ಇರ್ತೀಯ," ಎಂದಳು ಮಾಲಿಸ್. ಚಾಪೆಯ ಮೇಲೆಲ್ಲ ನಗು ಹರಡಿತು. ಅವಳು ದಾರ ಎತ್ತಿಕೊಂಡಳು. "ನನಗೆ ಗೊತ್ತಿತ್ತು ಅಣ್ಣ. ಆ ಅಕ್ಕಿ ತಿಂದು ಎದ್ದು ಕೂತವಳು ನಾನೇ ಅಲ್ವಾ? ಇಷ್ಟಕ್ಕೆ ನಾಲ್ಕು ವಾರ ಸತಾಯಿಸಿದ್ಯಾ? ಕೈ ಕೊಡು."

ದಾರ ಅವಳ ಬೆರಳಿನಲ್ಲಿತ್ತು. ಕೈ ಚಾಚಿದ್ದರೆ ಮುಗಿಯುತ್ತಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಸಾರುನ್ ಕೈಯನ್ನು ಮಡಿಲಿನಲ್ಲೇ ಇಟ್ಟುಕೊಂಡ.

"ಇನ್ನೂ ಇದೆ," ಎಂದ.

ಬೆಲ್ಲದ ಮಾತು ಹೇಳಿದ. ಗರಿಯಲ್ಲಿ ಸುತ್ತಿದ್ದು, ಗಂಟಿನಲ್ಲಿ ಕಟ್ಟಿದ್ದು, ಮೋಡ, ಅರ್ಧ ಅಚ್ಚು, ಉಳಿದರ್ಧ. ಯೀನಮ್ಮ ಕೇಳಿದ್ದನ್ನು ಹೇಳಬೇಕಾಗಿರಲಿಲ್ಲ. ಆ ಹೊತ್ತು ಮಾಲಿಸ್ ಅದೇ ಗುಡಿಸಲಿನಲ್ಲಿ ಮಲಗಿದ್ದಳು.

ಊದುಕಡ್ಡಿಯ ಬೂದಿ ಬಾಗಿ ಬಾಗಿ ತಾನಾಗಿ ಬಿತ್ತು.

"ಎಷ್ಟಿತ್ತು?" ಎಂದಳು ಮಾಲಿಸ್.

"ಒಂದು ಅಚ್ಚು."

"ಪೂರ್ತಿ?"

"ಪೂರ್ತಿ."

ಅವಳು ದಾರವನ್ನು ತಟ್ಟೆಯಲ್ಲಿ ವಾಪಸಿಟ್ಟಳು. ಅದು ಸುಕ್ಕಾಗಿದೆಯೇನೋ ಎಂಬಂತೆ ಬೆರಳಿನಿಂದ ಒಮ್ಮೆ ನೀವಿದಳು. "ಏಡಿ ಬುಟ್ಟಿ ನೀರಲ್ಲೇ ಬಿಟ್ಟು ಬಂದಿದೀನಿ," ಎಂದು ಎದ್ದು ಹೋದಳು.

ಅಂದು ಡಬ್ಬಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಸಾರುನ್ ಮೆಟ್ಟಿಲಿನ ಕಡೆ ಹೋಗದೆ ಒಳಗೆ ಕೂತು ಮೊಸಾಯಿಕ್ ನೆಲ ಉಜ್ಜಿದ.

"ನಾನು ಕಟ್ಟಲಾ ತಾತ ದಾರ?" ಎಂದು ವಿಚೇಕಾ ಕೇಳಿದಳು. ತಮಾಷೆಯಾಗಿ ಅಲ್ಲ.

"ನಿನಗೆ ನಾನೇನು ತಪ್ಪು ಮಾಡಿದೀನಿ?"

"ಹಾಗಾದ್ರೆ ಏನ್ಮಾಡೋದು? ಹಬ್ಬಕ್ಕೆ ಆರು ದಿನ ಇದೆ."

"ಕಾಯೋದು."

ನಾಲ್ಕನೆಯ ದಿನ ಮಧ್ಯಾಹ್ನ ಮಾಲಿಸ್ ಬಂದಳು. ಸೊಂಟದವರೆಗೆ ಒದ್ದೆ, ಬುಟ್ಟಿ ಎತ್ತಿ ನೇರ ಬಂದಂತಿತ್ತು. ಬಿಳಿ ರವಿಕೆಯಿರಲಿಲ್ಲ. ಸಾರುನ್‌ನನ್ನು ನೋಡದೆ ಗೋಡೆಯನ್ನು ನೋಡಿದಳು.

"ಎಲ್ಲಿ?"

ಅವನು ತೋರಿಸಿದ. ಅವಳು ಸಾರುವೆಯ ಬಿದಿರು ಹತ್ತಿ ಒಂದು ಗಾಯದ ಮುಂದೆ ನಿಂತು, ಗಾರೆಯನ್ನು ಉಗುರಿನಿಂದ ಕೆರೆದಳು. ಬರಲಿಲ್ಲ. ಸೊಂಟದ ಏಡಿ ಚಾಕು ತೆಗೆದು ಕೆರೆದು, ಪುಡಿಯನ್ನು ನಾಲಿಗೆಗಿಟ್ಟುಕೊಂಡಳು.

"ಉಪ್ಪು," ಎಂದಳು.

ಮೇಲಿನದಕ್ಕೆ ಹೋದಳು. "ಇದೂ ಉಪ್ಪು." ಅದರ ಮೇಲಿನದು. ಐದನೆಯದನ್ನು ನೆಕ್ಕಿ ಅಲ್ಲೇ ನಿಂತಳು. ಹಿಂದೆ ಇಡೀ ಸಮುದ್ರವಿತ್ತು. ಅವಳು ಅದರ ಕಡೆ ತಿರುಗಲಿಲ್ಲ.

"ಅಕ್ಕ, ಅದರಿಂದ್ಲೇ ಒಳಗಿನ ಕಬ್ಬಿಣ ಉಳಿದಿದೆ," ಎಂದಳು ವಿಚೇಕಾ ಕೆಳಗಿನಿಂದ, ಮೆಲ್ಲಗೆ. "ಅದಿಲ್ದಿದ್ರೆ ಈ ಮೆಟ್ಟಿಲು ಮತ್ತೆ..."

"ಅಪ್ಪನಿಗೆ ಖುಷಿಯಾಗಿರುತ್ತೆ," ಎಂದಳು ಮಾಲಿಸ್. "ಅಪ್ಪನಿಗೆ ಯಾವತ್ತೂ ಗೋಡೆ ಮೊದಲು, ಮನೆಯವರು ಆಮೇಲೆ. ಶಿಷ್ಯನಿಗೆ ಚೆನ್ನಾಗೇ ಕಲಿಸಿದಾನೆ."

ಇಳಿದು ಬಂದಳು. ನಾಲ್ಕು ದಿನದಿಂದ ತಟ್ಟೆಯಲ್ಲೇ ಇದ್ದ ದಾರವನ್ನು ರೊತ್ ಓಡಿಹೋಗಿ ತಂದ.

"ಕೈ ಕೊಡು," ಎಂದಳು. "ಅಪ್ಪನ ಹೆಸರಲ್ಲಿ ಕಟ್ತೀನಿ. ಅವನ ಕೆಲಸಕ್ಕೆ ಮಾಡಿದ್ದನ್ನ ಅವನು ಕ್ಷಮಿಸ್ತಾನೆ. ಅಮ್ಮನ ಹೆಸರಲ್ಲಿ ಕಟ್ಟೋ ಅಧಿಕಾರ ನನಗಿಲ್ಲ."

ಮಾಲಿಸ್‌ಳ ಸ್ವಂತ ಹೆಸರಿನಲ್ಲಿ? ಸಾರುನ್ ಕೇಳಲಿಲ್ಲ. ಅವಳ ಬೆರಳು ತಣ್ಣಗಿದ್ದವು. ಗಂಟು ಸ್ವಲ್ಪ ಬಿಗಿಯಾಗಿಯೇ ಬಿತ್ತು.

ಅಂದೇ ಸಾಯಂಕಾಲ ಬಗ್ಗಿದ ಕಂಬಿಗಳನ್ನು ನೇರ ಮಾಡಿದರು. ಗಾರೆ ಬಿಚ್ಚಿದಾಗ ಅವು ನಿನ್ನೆ ಕೊಯ್ದಂತೆ ನೀಲಿಯಾಗಿದ್ದವು. ಹಬ್ಬದ ಹಿಂದಿನ ದಿನ, ಬೆಳಿಗ್ಗೆಯಿಂದ ಸಂಜೆಯವರೆಗೆ, ಹನ್ನೆರಡು ಮೆಟ್ಟಿಲಿಗೂ ಎರಕ ಹೊಯ್ದರು. ಕೆಳಗಿನಿಂದ ಮೇಲಕ್ಕೆ. ಸಾರುನ್ ಒಬ್ಬೊಬ್ಬರಿಗೂ ಕೂಗಿ ಹೇಳುತ್ತಿದ್ದ, ಆಗಾಗ ಬೈಯುತ್ತಿದ್ದ. ಬೈಗುಳದ ದನಿ ಪ್ರುಮ್‌ನದ್ದೇ ಎಂದು ಒಮ್ಮೆ ತನಗೇ ಅನ್ನಿಸಿತು. ಅಚ್ಚು ಬಿಚ್ಚುವ ಹೊತ್ತಿಗೆ ಮೊದಲ ಮಳೆ ಬಂದು ಹೋಗಿತ್ತು. ಹಲಗೆಯ ಕೊನೆಯ ಆಸರೆಕಂಬ ತೆಗೆದಾಗ ಹದಿನೈದೂ ಗಾಳಿಯಲ್ಲಿ ನಿಂತವು.

ವಿಚೇಕಾ ಹೋದಳು. ಮನೆಗೆ ಅತಿಥಿಗಳು ಬಂದರು. ಸಮುದ್ರದ ಉಪ್ಪು ಕಾಂಕ್ರೀಟನ್ನು ಸುಮ್ಮನೆ ಬಿಡದಾದ್ದರಿಂದ, ಗೋಡೆ ನೋಡಿಕೊಳ್ಳುವ ಕೆಲಸಕ್ಕೆ ಯಜಮಾನರು ಸಾರುನ್‌ನನ್ನೇ ಇಟ್ಟುಕೊಂಡರು. ಅಡಿಗೆಮನೆಗೆ ಏಡಿ ಮಾಲಿಸ್‌ಳಿಂದಲೇ ಬರುತ್ತಿತ್ತು. ಅವಳು ಬುಟ್ಟಿ ಇಳಿಸಿ, ಅಡಿಗೆಯವರ ಜೊತೆ ಜಗಳ ಮಾಡಿ, ಹೋಗುತ್ತಿದ್ದಳು. ಸಾರುನ್ ಮಧ್ಯಾಹ್ನದ ಅನ್ನವನ್ನು ತಾನೇ ಬೇಯಿಸಿಕೊಳ್ಳಲು ಕಲಿತ.

ಆ ವರ್ಷ ಪಿತೃಗಳ ದಿನದಲ್ಲಿ ಅವನು ತನ್ನದೇ ತಟ್ಟೆ ಒಯ್ದ. ಅನ್ನ, ಪಕ್ಕದಲ್ಲಿ ಒಂದು ಅಚ್ಚು ತಾಳೆಬೆಲ್ಲ. ಪಗೋಡದ ಜಗಲಿಯಲ್ಲಿ ಮಾಲಿಸ್‌ಳ ತಟ್ಟೆ ಆಗಲೇ ಇತ್ತು. ಎಲ್ಲಿಡಲಿ ಎಂದು ನಿಂತವನನ್ನು ಕಂಡು ಅವಳು ತನ್ನ ತಟ್ಟೆಯನ್ನು ಅಷ್ಟು ಸರಿಸಿ ಜಾಗ ಮಾಡಿದಳು.

ಅದಾಗಿ ಕೆಲವು ದಿನಕ್ಕೆ, ಅತಿಥಿಗಳಿಲ್ಲದ ಒಂದು ಮಧ್ಯಾಹ್ನ, ಸಾರುನ್ ಎಂಟನೆಯ ಮೆಟ್ಟಿಲಿನ ಅಂಚು ತಟ್ಟಿ ನೋಡುತ್ತಿದ್ದ. ಕೆಳಗೆ ಸದ್ದಾಯಿತು. ಮಾಲಿಸ್ ಬುಟ್ಟಿ ಇಳಿಸಿ ಮೂರನೆಯ ಮೆಟ್ಟಿಲಿನ ಮೇಲೆ ಕೂತಿದ್ದಳು. ಅಪ್ಪನ ಮೂರರಲ್ಲಿ ಅದೇ ಕೊನೆಯದು. ಮಡಿಲಲ್ಲಿ ಒಂದು ಡಬ್ಬಿ.

"ಮೇಲಿಂದ ಏನು ಕಾಣತ್ತೆ?" ಎಂದಳು, ಹಿಂದಿರುಗದೆ.

"ಮೊಲದ ದ್ವೀಪ."

"ಅದು ನನ್ನ ಅಂಗಡಿಯಿಂದ್ಲೂ ಕಾಣತ್ತೆ."

"ಅದರ ಹಿಂದೆ ಇನ್ನೊಂದು ದ್ವೀಪ."

"ಅದೂ ಕಾಣತ್ತೆ. ಇಷ್ಟಕ್ಕೆ ಹನ್ನೆರಡು ಮೆಟ್ಟಿಲು ಹತ್ತಬೇಕಾ?"

"ಹತ್ತಲೇಬೇಕು ಅಂತ ಇಲ್ಲ."

ಅವಳು ಸಮುದ್ರ ನೋಡಿದಳು. ಆಮೇಲೆ ಕೂತಲ್ಲಿಂದಲೇ ಕೈ ಹಿಂದಕ್ಕೆ ಚಾಚಿ, ಡಬ್ಬಿಯನ್ನು ನಾಲ್ಕನೆಯ ಮೆಟ್ಟಿಲಿನ ಮೇಲೆ ಇಟ್ಟಳು. ಹೊಸ ಕಾಂಕ್ರೀಟ್ ಗಟ್ಟಿಯಿದೆಯೋ ಇಲ್ಲವೋ ಎಂಬಂತೆ ಬೆರಳಿನ ಗೆಣ್ಣಿನಿಂದ ಅದನ್ನೊಮ್ಮೆ ಕುಟ್ಟಿ ನೋಡಿ, ಖಾಲಿ ಬುಟ್ಟಿ ಎತ್ತಿಕೊಂಡು ಸಂತೆಯ ಕಡೆ ನಡೆದಳು.

ಸಾರುನ್ ಎಂಟರಿಂದ ನಾಲ್ಕಕ್ಕೆ ಇಳಿದು ಬಂದ.